ನರ್ಸ್ ಬಾಗಿಲಾಚೆ ನಿಂತ ರಾತ್ರಿ: ಒಂದು ಅಪಾರ್ಟ್‌ಮೆಂಟಿನ ಮೊಬೈಲ್ ಕೀ ಪ್ರಕರಣ

ಇದು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ನಡೆದದ್ದು. ಕಟ್ಟಡ, ಬಡಾವಣೆ, ಬೀಗ ಹಾಕಿದ ಕಂಪನಿ ಯಾವುದರ ಹೆಸರನ್ನೂ ಹೇಳುವುದಿಲ್ಲ. ಮನೆಯವರ ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಅಲ್ಲಿನ ಅಸೋಸಿಯೇಷನ್ ಸಮಿತಿಗೆ ತಾಂತ್ರಿಕ ಸಲಹೆ ಕೊಡುತ್ತಿದ್ದವನು ನಾನು. ಬಾಗಿಲು, ಬೀಗ, ಕಾರ್ಡ್ ರೀಡರ್ ಇವೇ ನನ್ನ ದಿನದ ಕೆಲಸ. ಮುಂದೆ ಬರುವ ಕೆಲವು ತಪ್ಪು ತೀರ್ಮಾನಗಳಿಗೆ ನಾನೂ ತಲೆಯಾಡಿಸಿದ್ದೆ. ಬೇರೆ ಕಡೆ ಇದೇ ಕೆಲಸಕ್ಕೆ ಕೈ ಹಾಕುವವರು ಅದೇ ತಪ್ಪು ಮಾಡಬಾರದು ಅಂತ ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ಹೇಗಿತ್ತು

ಎರಡು ಬ್ಲಾಕ್, ಒಟ್ಟು 84 ಮನೆ. ಮೇನ್ ಗೇಟಿನಲ್ಲಿ ಸೆಕ್ಯೂರಿಟಿ, ರಾತ್ರಿ ಹೊತ್ತು ಒಬ್ಬರೇ. ಒಂದೊಂದು ಬ್ಲಾಕಿನ ಕೆಳಗೂ ಗಾಜಿನ ಬಾಗಿಲು, ಅದಕ್ಕೆ ಮ್ಯಾಗ್ನೆಟ್ ಲಾಕ್. ಮನೆಯವರ ಹತ್ತಿರ ಕಾರ್ಡ್. ಬಂದು ಹೋಗುವವರಿಗೆ ಗೇಟಿನಲ್ಲಿ ರಿಜಿಸ್ಟರ್: ಹೆಸರು, ಫೋನ್ ನಂಬರು, ಯಾವ ಮನೆ, ಎಷ್ಟು ಗಂಟೆ, ಸಹಿ. ಹಿಂದೆ ಬಂದವರ ನಂಬರನ್ನೆಲ್ಲ ಮುಂದೆ ಬಂದವರು ಆರಾಮಾಗಿ ಓದಬಹುದಿತ್ತು.

ಕಾರ್ಡುಗಳು ಹಳೆಯ 125 ಕಿಲೋಹರ್ಟ್ಸ್ ಜಾತಿಯವು. ಈ ಕಾರ್ಡಿಗೆ ಗೊತ್ತಿರುವುದು ಒಂದೇ ವಿದ್ಯೆ. ರೀಡರ್ ಹತ್ತಿರ ಹಿಡಿದರೆ ತನ್ನ ನಂಬರು ಹೇಳುತ್ತದೆ. ಯಾರು ಕೇಳಿದರೂ ಹೇಳುತ್ತದೆ. ಕೀ ಮಾಡುವ ಅಂಗಡಿಯಲ್ಲಿ ಐದು ನಿಮಿಷದಲ್ಲಿ ನಕಲು ಸಿಗುತ್ತದೆ.

ಒಂದು ದಿನ, ಮನೆ ಖಾಲಿ ಮಾಡಿ ಎಂಟು ತಿಂಗಳಾಗಿದ್ದ ಬಾಡಿಗೆದಾರರೊಬ್ಬರು ಹಳೇ ಕಾರ್ಡ್ ಹಿಡಿದು ನೇರ ಮೇಲಕ್ಕೆ ಹೋದರು. ತಪ್ಪಿ ಹಳೇ ವಿಳಾಸಕ್ಕೆ ಬಂದಿದ್ದ ಪಾರ್ಸೆಲ್ ತಗೊಳ್ಳೋಕೆ, ಅಷ್ಟೇ. ಆದರೆ ಅವರನ್ನು ಲಿಫ್ಟಿನಲ್ಲಿ ಕಂಡ ಸಮಿತಿಯ ಕಾರ್ಯದರ್ಶಿಗೆ ಎದೆ ಝಲ್ಲೆಂದಿತು. ಲೆಕ್ಕ ತೆಗೆಸಿದರು. 84 ಮನೆಗೆ ಕೊಟ್ಟ ಕಾರ್ಡು 400ಕ್ಕೂ ಜಾಸ್ತಿ. ಅದರಲ್ಲಿ ಎಷ್ಟು ಯಾರ ಕೈಯಲ್ಲಿವೆ ಅನ್ನುವುದು ಒಬ್ಬರಿಗೂ ಗೊತ್ತಿರಲಿಲ್ಲ.

ಹೀಗೆ ಮೊಬೈಲ್ ಕೀ ಮಾತು ಬಂತು.

ನಾವು ಹಾಕಿದ್ದು

ವ್ಯವಸ್ಥೆ ಸರಳವಾಗಿತ್ತು. ಮನೆಯವರು ಆ್ಯಪ್‌ನಲ್ಲಿ ಅತಿಥಿಯ ನಂಬರು ಹಾಕಿ, ಇಂಥ ದಿನ ಇಷ್ಟು ಗಂಟೆಯಿಂದ ಇಷ್ಟು ಗಂಟೆವರೆಗೆ ಅಂತ ಹೇಳುತ್ತಾರೆ. ಸರ್ವರ್ ಒಂದು ಚೀಟಿ ತಯಾರು ಮಾಡುತ್ತದೆ: ಯಾವ ಬಾಗಿಲು, ಯಾವಾಗಿಂದ, ಯಾವಾಗಿನವರೆಗೆ. ಅದಕ್ಕೆ ತನ್ನ ಡಿಜಿಟಲ್ ಸಹಿ ಹಾಕಿ ಅತಿಥಿಯ ಫೋನಿಗೆ ಕಳಿಸುತ್ತದೆ. ಫೋನು ಬ್ಲೂಟೂತ್ ಮೂಲಕ ಆ ಚೀಟಿಯನ್ನು ಬಾಗಿಲಿಗೆ ತೋರಿಸುತ್ತದೆ. ಸಹಿ ನಿಜವಾ, ಈಗಿನ ಹೊತ್ತು ಆ ಅವಧಿಯ ಒಳಗಿದೆಯಾ ಅಂತ ಬಾಗಿಲು ನೋಡುತ್ತದೆ. ಎರಡೂ ಸರಿಯಿದ್ದರೆ ತೆರೆಯುತ್ತದೆ.

ಇದರ ದೊಡ್ಡ ಅನುಕೂಲ ಅಂದರೆ ಬಾಗಿಲಿಗೆ ಇಂಟರ್ನೆಟ್ ಬೇಕಾಗಿಲ್ಲ. ನೆಟ್ ಇಲ್ಲದಿದ್ದರೂ ಬಾಗಿಲು ತಾನೇ ತೀರ್ಮಾನಿಸುತ್ತದೆ. ನಾನು ಇದನ್ನು ಸಮಿತಿಗೆ ಖುಷಿಯಿಂದ ವಿವರಿಸಿದ್ದೆ. ಆ ತೀರ್ಮಾನ ಬಾಗಿಲಿನ ಒಳಗಿನ ಗಡಿಯಾರದ ಮೇಲೆ ನಿಂತಿದೆ ಅನ್ನುವುದನ್ನು ಮಾತ್ರ ಒತ್ತಿ ಹೇಳಲಿಲ್ಲ.

ಮನೆಯವರ ಕೀಗಳದ್ದು ಬೇರೆ ದಾರಿ. ಅವರ ಪಟ್ಟಿ ಬಾಗಿಲಿನ ಕಂಟ್ರೋಲರ್, ಅಂದರೆ ಬೀಗವನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡಿನ ಒಳಗೇ ಇರುತ್ತದೆ. ಅವರಿಗೆ ಅವಧಿ ಇಲ್ಲ. ಈ ವ್ಯತ್ಯಾಸ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಆಗಲೇ ಇನ್ನೊಂದು ತೀರ್ಮಾನವೂ ಆಯಿತು. ಕಟ್ಟಡದ ಹಳೇ ಇಂಟರ್‌ಕಾಂ ಅರ್ಧ ಕೆಟ್ಟಿತ್ತು. ರಿಪೇರಿಗೆ ಖರ್ಚು ಬರುತ್ತಿತ್ತು. "ಎಲ್ಲಾ ಆ್ಯಪ್‌ನಲ್ಲೇ ಇರೋವಾಗ ಅದು ಸುಮ್ನೆ ಯಾಕೆ?" ಅಂದರು ಒಬ್ಬರು. ಉಳಿದವರು ಒಪ್ಪಿದರು. ನಾನೂ ಒಪ್ಪಿದೆ. ಬಾಗಿಲ ಪಕ್ಕದ ಗಂಟೆ ಪೆಟ್ಟಿಗೆ ಬಿಚ್ಚಿ, ಆ ತೂತಿಗೆ ಪ್ಲೇಟ್ ಹೊಡೆಸಿದೆವು.

ಮೊದಲ ತಿಂಗಳ ತೊಂದರೆಗಳು ಚಿಕ್ಕವು. ಆ್ಯಪ್ ಲೊಕೇಶನ್ ಅನುಮತಿ ಕೇಳಿದಾಗ ಕೆಲವರಿಗೆ ಅನುಮಾನ ಬಂತು, ನಮ್ಮನ್ನು ಹಿಂಬಾಲಿಸುತ್ತಿದ್ದಾರಾ ಅಂತ. ಆಂಡ್ರಾಯ್ಡ್ 12ಕ್ಕಿಂತ ಹಳೇ ಫೋನುಗಳಲ್ಲಿ ಬ್ಲೂಟೂತ್ ಸಾಧನ ಹುಡುಕಲು ಆ ಅನುಮತಿ ಬೇಕೇ ಬೇಕು. ನೋಟಿಸ್ ಬೋರ್ಡಿನಲ್ಲಿ ಬರೆದು ಹಾಕಿದ ಮೇಲೆ ಗಲಾಟೆ ನಿಂತಿತು. ಆ್ಯಪ್ ಬೇಡ ಅನ್ನುವ ಅತಿಥಿಗಳಿಗೆ ಕ್ಯೂಆರ್ ಕೊಟ್ಟಿದ್ದೆವು. ಒಂದು ನಾಮಕರಣಕ್ಕೆ ಕಳಿಸಿದ ಕ್ಯೂಆರ್ ಚಿತ್ರ ಊರ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳನ್ನೆಲ್ಲ ಸುತ್ತಿ ಬಂತು. ಆಮೇಲೆ 30 ಸೆಕೆಂಡಿಗೊಮ್ಮೆ ಬದಲಾಗುವ ಕೋಡಿಗೆ ಹೋದೆವು.

ಕೆಲಸದವರ ವಿಷಯ

ನಮ್ಮ ಲೆಕ್ಕ ನಿಜವಾಗಿ ತಪ್ಪಿದ್ದು ಇಲ್ಲಿ. 'ವಿಸಿಟರ್' ಅಂದಾಗ ನಮ್ಮೆಲ್ಲರ ತಲೆಯಲ್ಲಿ ಇದ್ದದ್ದು ಭಾನುವಾರ ಊಟಕ್ಕೆ ಬರುವ ನೆಂಟರು. ಆದರೆ ಆ ಬಾಗಿಲನ್ನು ಅತಿ ಹೆಚ್ಚು ಸಲ ದಾಟುವ ಹೊರಗಿನವರು ಮನೆ ಕೆಲಸಕ್ಕೆ ಬರುವ ಹೆಂಗಸರು. ಬೆಳಗ್ಗೆ ಆರೂವರೆಯಿಂದ ಶುರು. ಒಬ್ಬೊಬ್ಬರದೂ ಮೂರು ನಾಲ್ಕು ಮನೆ.

ಎಲ್ಲರೂ ಆ್ಯಪ್ ಹಾಕಿಕೊಳ್ಳಬೇಕು ಅಂತ ಸುತ್ತೋಲೆ ಹೋಯಿತು. ಮೊದಲ ಸೋಮವಾರ ಬೆಳಗ್ಗೆ ನಾನು ಬಾಗಿಲ ಹತ್ತಿರ ನಿಂತಿದ್ದೆ. ಸುಮಾರು ಹದಿನೈದು ಹೆಂಗಸರು ಸಾಲಾಗಿ ಮೆಟ್ಟಿಲ ಮೇಲೆ ಕೂತಿದ್ದರು. ಕೆಲವರ ಕೈಯಲ್ಲಿ ಬಟನ್ ಫೋನು. ಕೆಲವರ ಕೈಯಲ್ಲಿ ಏನೂ ಇಲ್ಲ. ಒಬ್ಬರು ಹೇಳಿದರು: "ಸಾರ್, ಮನೇಲಿರೋದು ಒಂದೇ ದೊಡ್ಡ ಫೋನು. ಅದನ್ನ ಮಗಳು ಕಾಲೇಜಿಗೆ ತಗೊಂಡೋಗ್ತಾಳೆ. ನಾನು ಬಾಗ್ಲಿಗೆ ಏನ್ ತೋರಿಸ್ಲಿ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಪಿನ್ ನಂಬರು ಕೊಟ್ಟು ನೋಡಿದೆವು. ಮೂರು ವಾರದಲ್ಲಿ ಒಂದೇ ಪಿನ್ ಹತ್ತು ಜನ ಒತ್ತುತ್ತಿದ್ದರು. ಮರೆತವರಿಗೆ ಪಕ್ಕದವರು ಹೇಳಿಕೊಡುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ಕೊನೆಗೆ ಕಾರ್ಡಿಗೇ ವಾಪಸ್ ಬಂದೆವು, ಆದರೆ ಬೇರೆ ಜಾತಿಯದು. ಎಇಎಸ್ ಅನ್ನುವ ಬಲವಾದ ಗೂಢಲಿಪಿ ಇರುವ, ಕೀ ಅಂಗಡಿಯಲ್ಲಿ ನಕಲು ಆಗದ ಕಾರ್ಡು.

ಅದಕ್ಕಿಂತ ದೊಡ್ಡ ತಿರುವು ಕಾರ್ಡು ಯಾರದು ಅನ್ನುವ ಪ್ರಶ್ನೆಯಲ್ಲಿ ಬಂತು. ಹಿಂದೆ ಕಾರ್ಡು ಮನೆ ಲೆಕ್ಕದಲ್ಲಿ ಇರುತ್ತಿತ್ತು. 3ನೇ ಮಹಡಿಯವರು ಕೆಲಸ ಬಿಡಿಸಿದರೆ ಕಾರ್ಡು ಕಸಿದುಕೊಳ್ಳುತ್ತಿದ್ದರು. ಉಳಿದ ಮೂರು ಮನೆಗೂ ಆಕೆ ಹೋಗಲಾರದೆ ಗೇಟಿನಲ್ಲಿ ನಿಲ್ಲಬೇಕಾಗುತ್ತಿತ್ತು. ಹೊಸದರಲ್ಲಿ ಕಾರ್ಡನ್ನು ಆಕೆಯ ಹೆಸರಿಗೇ ಕೊಟ್ಟೆವು. ಒಂದೊಂದು ಮನೆಯವರೂ ತಮ್ಮ ಪರವಾಗಿ ತಮ್ಮ ಗಂಟೆಗಳನ್ನು ಅದಕ್ಕೆ ಸೇರಿಸುತ್ತಾರೆ. ಒಬ್ಬರು ತೆಗೆದರೆ ಅವರ ಗಂಟೆ ಮಾತ್ರ ಹೋಗುತ್ತದೆ. ಒಂದು ಮನೆಯವರಾದರೂ 'ಇವರು ನಮ್ಮಲ್ಲಿಗೆ ಬರುತ್ತಾರೆ' ಅನ್ನುವವರೆಗೆ ಕಾರ್ಡು ಬದುಕಿರುತ್ತದೆ.

ಇದರ ಜೊತೆಗೆ ಇನ್ನೊಂದು ಜಗಳ ಹುಟ್ಟಿತು. ಯಾರು ಎಷ್ಟು ಹೊತ್ತಿಗೆ ಬಂದರು ಅನ್ನುವ ದಾಖಲೆ ಆ್ಯಪ್‌ನಲ್ಲಿ ಮನೆಯವರಿಗೆ ಕಾಣುತ್ತಿತ್ತು. ಒಬ್ಬರು ಅದನ್ನು ಹಿಡಿದು 'ದಿನಾ ಇಪ್ಪತ್ತು ನಿಮಿಷ ಲೇಟ್' ಅಂತ ಸಂಬಳ ಹಿಡಿದರು. ಆಕೆ ಆ ಹೊತ್ತಲ್ಲಿ ಮೇಲಿನ ಮಹಡಿಯ ಇನ್ನೊಂದು ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರು. ನಾನು ಸಮಿತಿಗೆ ಹೇಳಿದ್ದು ಇಷ್ಟೇ: ಕಳ್ಳತನ ತಡೆಯೋಕೆ ಅಂತ ಬರೆದಿಟ್ಟ ಹೊತ್ತನ್ನು ಸಂಬಳ ಕತ್ತರಿಸೋಕೆ ಬಳಸಬಾರದು. ಯಾವ ಕೆಲಸಕ್ಕೆ ಅಂತ ಒಪ್ಪಿಗೆ ಪಡೆದಿದ್ದೇವೋ ಆ ಕೆಲಸಕ್ಕೆ ಮಾತ್ರ ಮಾಹಿತಿ ಬಳಸಬೇಕು ಅನ್ನುವುದೇ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳು. ಹಿಡಿದ ಹಣ ವಾಪಸ್ ಕೊಡಿಸಿದೆವು. ದಾಖಲೆಯನ್ನು ಮನೆಯವರ ಆ್ಯಪ್‌ನಿಂದ ತೆಗೆಸಿ, 30 ದಿನಕ್ಕೆ ಅಳಿಸುವ ಹಾಗೆ ಮಾಡಿದೆವು.

ಆ ರಾತ್ರಿ

ಮೇ ತಿಂಗಳು. ಸಂಜೆಯಿಂದ ಗಾಳಿ ಮಳೆ. ಎ ಬ್ಲಾಕಿನ ಒಂದು ಮನೆಯಲ್ಲಿ ಪಾರ್ಶ್ವವಾಯು ಆಗಿ ಮಲಗಿದ್ದ ಯಜಮಾನರು, ಅವರ ಹೆಂಡತಿ. ಆಕೆಗೆ 74 ವರ್ಷ, ಕಿವಿ ಮಂದ. ಮಕ್ಕಳು ಹೊರದೇಶದಲ್ಲಿ. ಹಗಲು ಒಬ್ಬರು, ರಾತ್ರಿ ಒಬ್ಬರು ನರ್ಸ್ ಬರುತ್ತಿದ್ದರು. ಯಜಮಾನರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕಿತ್ತು, ಇಲ್ಲದಿದ್ದರೆ ಬೆನ್ನಿನಲ್ಲಿ ಹುಣ್ಣು ಏಳುತ್ತದೆ. ಅದು ಆ ಅಜ್ಜಿ ಒಬ್ಬರೇ ಮಾಡುವ ಕೆಲಸ ಅಲ್ಲ.

9:40ಕ್ಕೆ ಕರೆಂಟ್ ಹೋಯಿತು. ಜನರೇಟರ್ ತಾನಾಗಿ ಶುರುವಾಗಲಿಲ್ಲ. ಗಾರ್ಡ್ ಬೇಸ್‌ಮೆಂಟಿಗೆ ಓಡಿ 9:48ಕ್ಕೆ ಕೈಯಿಂದ ಶುರು ಮಾಡಿದರು. ಅಷ್ಟರಲ್ಲಿ ಬಿ ಬ್ಲಾಕಿನ ಲಿಫ್ಟಿನಲ್ಲಿ ಒಬ್ಬರು ಸಿಕ್ಕಿಹಾಕಿಕೊಂಡಿದ್ದರು. ಅವರನ್ನು ಬಿಡಿಸಲು ಅತ್ತ ಹೋದರು. ಹಗಲಿನ ನರ್ಸ್ ಕೊನೇ ಬಸ್ಸಿಗೆ ಅಂತ ಆಗಲೇ ಹೊರಟಿದ್ದರು.

ರಾತ್ರಿ ನರ್ಸ್ 10:07ಕ್ಕೆ ಗಾಜಿನ ಬಾಗಿಲಿಗೆ ಫೋನ್ ಹಿಡಿದರು. ಕೆಂಪು ದೀಪ. ಪರದೆಯಲ್ಲಿ ಬಂದದ್ದು: 'ನಿಮ್ಮ ಕೀ ಅವಧಿ ಇನ್ನೂ ಶುರುವಾಗಿಲ್ಲ.' ಆರು ವಾರದಿಂದ ದಿನಾ ಇದೇ ಕೀಯಿಂದ ಒಳಗೆ ಹೋಗಿದ್ದವರು ಅವರು. ಬ್ಲೂಟೂತ್ ಆಫ್ ಮಾಡಿ ಆನ್ ಮಾಡಿದರು. ಫೋನ್ ರೀಸ್ಟಾರ್ಟ್ ಮಾಡಿದರು. ಗಾರ್ಡ್ ನಂಬರಿಗೆ ಫೋನ್ ಮಾಡಿದರು, ಎತ್ತಲಿಲ್ಲ. ಅಜ್ಜಿಗೆ ಮಾಡಿದರು. ಆ ಫೋನು ಇನ್ನೊಂದು ಕೋಣೆಯಲ್ಲಿ ಚಾರ್ಜಿಗೆ ಇತ್ತು, ಕೇಳಿಸಲಿಲ್ಲ. ಗಾಜಿನಾಚೆ ಲಿಫ್ಟಿನ ದೀಪ ಉರಿಯುತ್ತಿರುವುದು ಅವರಿಗೆ ಕಾಣುತ್ತಿತ್ತು. ಒತ್ತಲು ಒಂದು ಗಂಟೆ ಕೂಡ ಇರಲಿಲ್ಲ. ನಾವು ಹೊಡೆಸಿದ ಪ್ಲೇಟ್ ಇತ್ತು.

10:46ಕ್ಕೆ ಮನೆಯವರೊಬ್ಬರು ಆಫೀಸಿನಿಂದ ಬಂದರು. ಅವರ ಫೋನಿಗೆ ಬಾಗಿಲು ಒಂದೇ ಸಲಕ್ಕೆ ತೆರೆಯಿತು. ಅವರ ಹಿಂದೆ ನರ್ಸ್ ಒಳಗೆ ಹೋದರು. ಅಷ್ಟು ಹೊತ್ತಿಗೆ ಅಜ್ಜಿ ಒಬ್ಬರೇ ಗಂಡನನ್ನು ಹೊರಳಿಸಲು ಹೋಗಿ ಸೊಂಟ ಹಿಡಿಸಿಕೊಂಡು ಮಂಚದ ಕಾಲು ಹಿಡಿದು ಕೂತಿದ್ದರು.

ಗಡಿಯಾರ

ಮಾರನೇ ದಿನ ಎಲ್ಲರೂ ಹೇಳಿದ್ದು ಒಂದೇ ಮಾತು: ನರ್ಸ್ ಫೋನ್ ಸರಿಯಿಲ್ಲ. ನಮ್ಮದೆಲ್ಲ ಸರಿ ಇತ್ತಲ್ಲ. ಒಪ್ಪುವಂಥ ಮಾತೇ, ಅಲ್ವಾ? ಬಾಗಿಲು ತಾನೇ ಬರೆದಿಡುವ ದಾಖಲೆ, ಅಂದರೆ ಲಾಗ್, ತೆರೆಯದೇ ಇದ್ದಿದ್ದರೆ ನಾನೂ ಅದನ್ನೇ ಬರೆದುಕೊಟ್ಟು ಮುಗಿಸುತ್ತಿದ್ದೆ.

ಲಾಗ್‌ನಲ್ಲಿ ಆ ರಾತ್ರಿಯ ದಿನಾಂಕವೇ ಇರಲಿಲ್ಲ. ಕೊನೆಗೆ ಎಲ್ಲಕ್ಕಿಂತ ಹಿಂದೆ ಹೋಗಿ ನೋಡಿದಾಗ ಸಿಕ್ಕಿತು. 2000ನೇ ಇಸವಿ ಜನವರಿ 1, ರಾತ್ರಿ 00:19. ನಿರಾಕರಿಸಲಾಗಿದೆ. 00:20, ನಿರಾಕರಿಸಲಾಗಿದೆ. ಹೀಗೆ ಹನ್ನೊಂದು ಸಾಲು. 9:48ಕ್ಕೆ ಹತ್ತೊಂಬತ್ತು ನಿಮಿಷ ಸೇರಿಸಿದರೆ 10:07. ಜನರೇಟರ್ ಶುರುವಾದ ಕ್ಷಣದಿಂದ ಬಾಗಿಲು ನಿಜವಾದ ಹೊತ್ತು ಮರೆತು, 2000ನೇ ಇಸವಿಯ ಮೊದಲ ಕ್ಷಣದಿಂದ ಎಣಿಸುತ್ತಿತ್ತು. ಅದರ ಲೆಕ್ಕದಲ್ಲಿ ನರ್ಸ್ ಕೀ ಶುರುವಾಗಲು ಇನ್ನೂ ಇಪ್ಪತ್ತಕ್ಕೂ ಜಾಸ್ತಿ ವರ್ಷ ಇತ್ತು. ಮನೆಯವರ ಕೀಗೆ ಅವಧಿಯೇ ಇಲ್ಲವಲ್ಲ, ಅವರಿಗೆ ಏನೂ ಗೊತ್ತಾಗಲಿಲ್ಲ.

ಮೂರು ಸಣ್ಣ ಸಣ್ಣ ವಸ್ತು ಒಟ್ಟಿಗೆ ಕೈಕೊಟ್ಟಿದ್ದವು. ಕಂಟ್ರೋಲರಿಗೆ ಆಸರೆಯಾಗಿ ಇದ್ದ 12 ವೋಲ್ಟ್ ಬ್ಯಾಟರಿ ಹಳೇ ಕಾರ್ಡಿನ ಕಾಲದ್ದು, ಸತ್ತು ಹೋಗಿತ್ತು. ಬೋರ್ಡಿನ ಗಡಿಯಾರವನ್ನು ನಡೆಸುವ ನಾಣ್ಯದಂಥ ಸೆಲ್, ಸಿಆರ್2032, ಅದೂ ಖಾಲಿ. ಇವೆರಡು ಹೋದರೂ ನೆಟ್‌ವರ್ಕಿನಿಂದ ಸರಿಯಾದ ಹೊತ್ತು ತಿಳಿಯಬಹುದಿತ್ತು. ಆದರೆ ಬೇಸ್‌ಮೆಂಟಿನ ನೆಟ್‌ವರ್ಕ್ ಸ್ವಿಚ್ಚನ್ನು, ಅಂದರೆ ಬಾಗಿಲುಗಳಿಗೆ ನೆಟ್ ಹಂಚುವ ಪೆಟ್ಟಿಗೆಯನ್ನು, ಜನರೇಟರ್ ಲೈನಿಗೆ ಕೊಟ್ಟಿರಲಿಲ್ಲ. ಬಾಗಿಲಿಗೆ ಕರೆಂಟ್ ಬಂತು, ಹೊತ್ತು ಬರಲಿಲ್ಲ.

ನನಗೆ ಇನ್ನೂ ಚುಚ್ಚುವುದು ಗಾರ್ಡ್‌ಗಳ ನೋಟ್‌ಬುಕ್. ಅದರಲ್ಲಿ ಹಿಂದಿನ ಎರಡು ತಿಂಗಳಲ್ಲಿ ಎರಡು ಕಡೆ ಪೆನ್ಸಿಲಿನಲ್ಲಿ ಬರೆದಿತ್ತು: 'ಕರೆಂಟ್ ಹೋಗಿ ಬಂದ ಮೇಲೆ ಗೆಸ್ಟ್ ಕೀ ಆಗ್ತಿಲ್ಲ, ನಾನೇ ಬಾಗಿಲು ತೆಗೆದೆ.' ಲಾಗ್‌ನಲ್ಲೂ ಅವೆರಡು ಸಲದ 2000ನೇ ಇಸವಿ ಇತ್ತು. ಹಗಲು ಹೊತ್ತು, ಗಾರ್ಡ್ ಇದ್ದರು, ಕೆಲಸ ನಡೆಯಿತು. ಆ ನೋಟ್‌ಬುಕ್ಕನ್ನು ನಾವ್ಯಾರೂ ಓದುತ್ತಿರಲಿಲ್ಲ.

ಸಭೆ ಮತ್ತು ಆಮೇಲೆ

ವಿಶೇಷ ಸಭೆ ಕರೆದರು. ಕೆಲವರು ಇದೆಲ್ಲ ಬೇಡ, ರಿಜಿಸ್ಟರೇ ಸಾಕು ಅಂದರು. ಜಾಸ್ತಿ ಜನ ಒಪ್ಪಿದ ಸುಲಭದ ದಾರಿ ಇನ್ನೊಂದು: ನರ್ಸ್‌ಗೆ ಮನೆಯವರ ಕೀಯನ್ನೇ ಕೊಟ್ಟುಬಿಡೋಣ, ಅವಧಿ ಇಲ್ಲದ್ದು. ಆ ರಾತ್ರಿಯ ತೊಂದರೆ ಅದರಿಂದ ಖಂಡಿತ ತಪ್ಪುತ್ತಿತ್ತು. ನಾನು ವಿರೋಧಿಸಿದೆ. ನರ್ಸ್‌ಗಳು ಬದಲಾಗುತ್ತಿರುತ್ತಾರೆ. ವರ್ಷದೊಳಗೆ ಮುಗಿಯದ ಕೀಗಳು ಎಷ್ಟೋ ಫೋನುಗಳಲ್ಲಿ ಉಳಿದು, ಮತ್ತೆ ಆ 400 ಕಾರ್ಡಿನ ಕಥೆಗೇ ಬರುತ್ತೇವೆ.

ವಾದ ಎಳೆದಾಡುತ್ತಿದ್ದಾಗ ಅಜ್ಜಿ ಕೈ ಎತ್ತಿದರು. ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ಬಂದಿದ್ದರು. "ಆ ಹುಡುಗಿ ದಿನಾ ಹತ್ತು ಗಂಟೆಗೆ ಬರ್ತಾಳೆ, ಒಳಗೆ ಬಿಡಿ ಅಂತ ನಾನು ಹೇಳಿಟ್ಟಿದ್ದೆ ಅಲ್ವೇನಪ್ಪಾ? ಮತ್ತೆ ಬಾಗಿಲು ನನ್ನ ಮಾತು ಯಾಕೆ ಕೇಳಲಿಲ್ಲ?" ಅಂತ ನನ್ನನ್ನೇ ಕೇಳಿದರು.

ಅಲ್ಲಿಂದ ಚರ್ಚೆಯ ದಿಕ್ಕು ಬದಲಾಯಿತು. ಕೀ ಅಂದರೆ ಮನೆಯವರು ಕೊಟ್ಟ ಮಾತು. ಫೋನ್ ಕೆಟ್ಟರೂ, ಕರೆಂಟ್ ಹೋದರೂ, ಗಡಿಯಾರ ತಪ್ಪಿದರೂ ಆ ಮಾತು ಬಾಗಿಲ ತನಕ ತಲುಪಲು ಇನ್ನೊಂದು ದಾರಿ ಇದೆಯಾ? ಪ್ರತಿಯೊಂದು ಬದಲಾವಣೆಯನ್ನೂ ಈ ಪ್ರಶ್ನೆಯಿಂದ ಅಳೆದೆವು.

ಮೊದಲು ಇಂಟರ್‌ಕಾಂ ವಾಪಸ್ ಬಂತು. ಪ್ಲೇಟ್ ತೆಗೆಸಿ ಗಂಟೆ ಹಾಕಿಸಿದೆವು. ಮನೆಯಿಂದ ಒಂದು ಬಟನ್ ಒತ್ತಿದರೆ ಕೆಳಗಿನ ಬಾಗಿಲು ತೆರೆಯುತ್ತದೆ, ಆ್ಯಪ್ ಬೇಕಿಲ್ಲ. ಅಜ್ಜಿ ಮನೆಯಲ್ಲಿ ಗಂಟೆ ಜೊತೆಗೆ ಹಾಲಿನಲ್ಲೂ ಮಲಗುವ ಕೋಣೆಯಲ್ಲೂ ದೀಪ ಮಿನುಗುವ ಹಾಗೆ ಮಾಡಿಸಿದೆವು. ಇಡೀ ಪ್ರಕರಣದಲ್ಲಿ ಅತಿ ಕಡಿಮೆ ಖರ್ಚಾಗಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ದೀಪ ಅಂತ ನನ್ನ ಅನಿಸಿಕೆ.

ಬ್ಯಾಟರಿ, ಸೆಲ್ ಬದಲಿಸಿದೆವು. ಸ್ವಿಚ್ಚನ್ನು ಜನರೇಟರ್ ಲೈನಿಗೆ ಹಾಕಿದೆವು. ಸೆಲ್ ಸರಿಯಿದ್ದರೂ ಗಡಿಯಾರ ನಿಧಾನವಾಗಿ ಜಾರುತ್ತದೆ ಅನ್ನುವುದನ್ನೂ ಮರೆಯಬಾರದು. ಇಂಥ ಬೋರ್ಡುಗಳಲ್ಲಿ ದಿನಕ್ಕೆ ಒಂದೆರಡು ಸೆಕೆಂಡ್ ವ್ಯತ್ಯಾಸ ಮಾಮೂಲಿ. ವರ್ಷಕ್ಕೆ ಅದು ಹತ್ತು ನಿಮಿಷದಷ್ಟಾಗುತ್ತದೆ. 30 ಸೆಕೆಂಡಿನ ಕೋಡಿಗೆ ಅಷ್ಟು ಸಾಕು ಕೈಕೊಡಲು.

ಕಂಪನಿಯವರಿಂದ ಎರಡು ಬದಲಾವಣೆ ಹಟ ಹಿಡಿದು ಮಾಡಿಸಿದೆವು. ಒಂದು, ತನ್ನ ಗಡಿಯಾರ ನಂಬುವಂತಿಲ್ಲ ಅಂತ ಬಾಗಿಲಿಗೆ ಗೊತ್ತಾಗಬೇಕು. ಬೀಗ ಹಾಕಿದ ವರ್ಷಕ್ಕಿಂತ ಹಿಂದಿನ ದಿನಾಂಕ ಕಂಡರೆ ಅದು ಹಳದಿ ದೀಪ ಹಚ್ಚಿ, ಗೇಟಿನಲ್ಲಿ ಶಬ್ದ ಮಾಡುತ್ತದೆ. ಬಂದವರ ಫೋನಿನಲ್ಲಿ 'ಬಾಗಿಲಿನ ಗಡಿಯಾರ ತಪ್ಪಿದೆ, ಗಂಟೆ ಒತ್ತಿ' ಅಂತ ಬರುತ್ತದೆ. ತಪ್ಪು ಬಾಗಿಲಿನದ್ದಾಗಿರುವಾಗ ಬಂದವರು ತಮ್ಮ ಫೋನನ್ನು ಬೈದುಕೊಳ್ಳುವ ಹಾಗೆ ಆಗಬಾರದು. ಎರಡು, ಫೋನು ಕೀ ಜೊತೆಗೆ ಸರ್ವರ್ ಸಹಿ ಹಾಕಿದ ಈಗಿನ ಹೊತ್ತನ್ನೂ ತರುತ್ತದೆ. ಬಾಗಿಲು ಅದನ್ನು ನೋಡಿ ತನ್ನ ಗಡಿಯಾರ ತಿದ್ದಿಕೊಳ್ಳುತ್ತದೆ, ಮುಂದಕ್ಕೆ ಮಾತ್ರ. ಹಿಂದಕ್ಕೂ ತಿದ್ದಬಹುದು ಅಂತಾದರೆ ಮುಗಿದ ಕೀಗೆ ಮತ್ತೆ ಜೀವ ಬರುತ್ತದೆ.

ಒಳಗಿಂದ ಹೊರಗೆ ಹೋಗುವ ದಾರಿಯನ್ನು ಇದೇ ನೆಪದಲ್ಲಿ ಪರೀಕ್ಷಿಸಿದೆವು. ಮ್ಯಾಗ್ನೆಟ್ ಲಾಕ್ ಕರೆಂಟ್ ಇದ್ದಾಗ ಮಾತ್ರ ಹಿಡಿಯುತ್ತದೆ. ಫೈರ್ ಅಲಾರಂ ಹೊಡೆದರೆ ಆ ಕರೆಂಟ್ ತಾನಾಗಿ ಕಡಿಯಬೇಕು. ಎ ಬ್ಲಾಕಿನಲ್ಲಿ ಕಡಿಯಿತು. ಬಿ ಬ್ಲಾಕಿನಲ್ಲಿ ಆ ವೈರನ್ನು ಕೊಟ್ಟೇ ಇರಲಿಲ್ಲ. ಅದೇ ದಿನ ಕೊಡಿಸಿದೆವು.

ಈಗ ಗಾರ್ಡ್ ನೋಟ್‌ಬುಕ್ಕನ್ನು ವಾರಕ್ಕೊಮ್ಮೆ ಕಾರ್ಯದರ್ಶಿ ಓದಿ ಸಹಿ ಹಾಕುತ್ತಾರೆ. ಸೆಲ್‌ಗಳನ್ನು ವರ್ಷಕ್ಕೊಮ್ಮೆ, ಯುಗಾದಿಗೆ ಮೊದಲು, ಕೆಟ್ಟಿರಲಿ ಬಿಡಲಿ ಬದಲಿಸುತ್ತಾರೆ. ಡೆಲಿವರಿ ಹುಡುಗರ ವಿಷಯ ಇನ್ನೂ ಬಗೆಹರಿದಿಲ್ಲ. ಹತ್ತು ನಿಮಿಷದಲ್ಲಿ ಬಂದು ಹೋಗುವವರಿಗೆ ಕೀ ಕಳಿಸುವಷ್ಟರಲ್ಲಿ ಅವರು ಗೇಟಿನಲ್ಲಿ ನಿಂತು ಹಾರ್ನ್ ಹೊಡೆಯುತ್ತಿರುತ್ತಾರೆ.

ಮುಂದಿನ ಮಳೆಗಾಲದಲ್ಲಿ ಒಂದು ರಾತ್ರಿ ಮಾಮೂಲಿ ನರ್ಸ್‌ಗೆ ಜ್ವರ ಬಂದು ಬದಲಿಗೆ ಬೇರೆಯವರನ್ನು ಕಳಿಸಿದ್ದರು. ಅವರ ಫೋನಿನಲ್ಲಿ ಆ್ಯಪ್ ಇರಲಿಲ್ಲ. ಕೀ ಕಳಿಸುವಷ್ಟು ಹೊತ್ತೂ ಯಾರಿಗೂ ಸಿಕ್ಕಿರಲಿಲ್ಲ. ಆಕೆ ಗಂಟೆ ಒತ್ತಿದರು. ಮೇಲೆ ದೀಪ ಮಿನುಗಿತು. ಅಜ್ಜಿ ಎದ್ದು ಬಂದು ಯಾರು ಅಂತ ಕೇಳಿ, ಬಟನ್ ಒತ್ತಿದರು.